ನಾಳೆಯ ಕೋಣೆಯ ಕಳೆ

ಮಣ್ಣು ಯಾರನ್ನೂ ಮರೆಯುವುದಿಲ್ಲ, ಮರೆಯುವುದು ಮನುಷ್ಯನ ಕೈ ಎನ್ನುತ್ತಿದ್ದರು ಹಿರಿಯರು. ಆ ಮಾತಿನ ಅರ್ಥವನ್ನು ದೇವರು ನನಗೆ ಒಂದು ಗಾಜಿನ ಮನೆಯಲ್ಲಿ ತೋರಿಸಿದ.

ಗಿಡಗಳ ಪರೀಕ್ಷೆ ನಡೆಯುವ ಆ ಗಾಜಿನ ಮನೆಯಲ್ಲಿ ನಾನೂ ಚಿಕ್ಕಮ್ಮನೂ ಕೆಲಸಕ್ಕಿದ್ದೆವು. ಎರಡು ಕೋಣೆ. ಒಂದರಲ್ಲಿ ಇವತ್ತಿನ ಸೆಕೆ, ಇವತ್ತಿನ ಗಾಳಿ. ಇನ್ನೊಂದರಲ್ಲಿ ಐವತ್ತು ವರ್ಷದ ನಂತರ ಬರಬಹುದಾದವು. ಅದನ್ನು ನಾಳೆಯ ಕೋಣೆ ಎನ್ನುತ್ತಿದ್ದೆವು. ಎರಡರಲ್ಲೂ ನಮ್ಮ ನೆಲದ ನೀಲಿ ಹೂವಿನ ಗಿಡವನ್ನೂ ಕಡಲಾಚೆಯಿಂದ ಬಂದ ಬಳ್ಳಿಯನ್ನೂ ಒಟ್ಟಿಗೆ ಬಿತ್ತಿದ್ದರು. ಇವತ್ತಿನ ಕೋಣೆಯಲ್ಲಿ ಎರಡೂ ಹೇಗೋ ಹೊಂದಿಕೊಂಡಿದ್ದವು. ನಾಳೆಯ ಕೋಣೆಯಲ್ಲಿ ಬಳ್ಳಿ ಗಾಜಿನ ಮಾಡು ಮುಟ್ಟಿತ್ತು. ಆ ಸೆಕೆ ತಾಳಿ ಉಳಿದ ನೀಲಿ ಗಿಡ ಒಂಬತ್ತೇ. ಅವು ಬೀಜ ಕಟ್ಟಿದರೆ ಆ ಕುಲಕ್ಕೆ ಮುಂದೆಯೂ ಬಾಳುಂಟು, ಇಲ್ಲವಾದರೆ ಇಲ್ಲ.

ಚಿಕ್ಕಮ್ಮ ಕಣ್ಣು ಮುಚ್ಚಿಯೇ ಕಳೆ ಕೀಳುವವಳು.

"ನಿದ್ದೇನಾ ಚಿಕ್ಕಮ್ಮ?"

"ನಿದ್ದೇಲೂ ನಿನಗಿಂತ ಎರಡು ಪಾತಿ ಮುಂದಿರ್ತೀನಿ ಕಣೆ. ಕಣ್ಣು ಮೋಸ ಮಾಡುತ್ತೆ, ಬೆರಳು ಮಾಡಲ್ಲ."

ಸುಳ್ಳಲ್ಲ. ನೀಲಿ ಗಿಡ ಅವಳ ತವರಿನ ಹಿತ್ತಲಲ್ಲೇ ಬೆಳೆಯುತ್ತಿತ್ತು, ಮುಟ್ಟಿದರೇ ಅವಳಿಗೆ ಗುರುತು. ನನ್ನನ್ನೂ ಸಾಕಿದವಳು ಅವಳೇ, ಕತ್ತಲಲ್ಲಿ ಕೆನ್ನೆ ಸವರಿ ಗುರುತು ಹಿಡಿಯುತ್ತಿದ್ದಳು.

ಆ ದಿನ ನಾಳೆಯ ಕೋಣೆಯಿಂದ ಹಿಡಿ ತುಂಬ ಸಸಿ ಹಿಡಿದು ಬಂದಳು. "ಗುರುತಿಲ್ಲದ್ದು ಏನೇನೋ ಎದ್ದಿತ್ತು, ಕಿತ್ತೆ."

ಹಿಡಿ ಬಿಚ್ಚಿದಳು. ನೀಲಿ ಮೊಗ್ಗು.

ಎಣಿಸಿದೆವು. ಎಂಟು. ಬೇರು ಒಣಗುವ ಮುಂಚೆ ಒದ್ದೆ ಬಟ್ಟೆಯಲ್ಲಿ ಸುತ್ತಿ ಓಡಿದೆವು, ಅದೇ ಪಾತಿಯಲ್ಲಿ ಊರಿ ನೀರು ಚಿಮುಕಿಸಿದೆವು. ಒಂಬತ್ತನೆಯದು ಬಳ್ಳಿಯ ಅಡಿಯಲ್ಲೆಲ್ಲೋ ಇರಬೇಕಿತ್ತು. ಎಲೆ ಒಂದೂ ಅಲುಗುತ್ತಿರಲಿಲ್ಲ. ಆದರೂ ಸುತ್ತ ಏನೋ ಸರಿದಾಡಿದಂತೆ ಸದ್ದು.

"ನಾನೇ ಹುಡುಕ್ತೀನಿ," ಎಂದು ಅವಳು ಎಲೆಗಳ ನಡುವೆ ಕೈ ಹಾಕಿದಳು. ನಾನು ಆಚೆ ಬದಿಯಿಂದ ತಲೆ ಬಗ್ಗಿಸಿ ಒಳಗೆ ಹೊಕ್ಕೆ. ಅಲ್ಲೇ ಕಂಡಿತು, ಒಂದೇ ಒಂದು ನೀಲಿ ಗಿಡ, ಬೇರು ಗಟ್ಟಿಯಾಗಿ.

"ಸಿಕ್ತು," ಎಂದೆ.

ಅಷ್ಟರಲ್ಲಿ ಅವಳ ಕೈ ನನ್ನ ಕೆನ್ನೆಗೆ ತಗುಲಿತು. ಒಮ್ಮೆ ಸವರಿ ನಿಂತಿತು. ಆಮೇಲೆ ನಿಧಾನವಾಗಿ ಕೆಳಗಿಳಿದು, ಗುರುತಿಲ್ಲದ ಕಳೆಯನ್ನು ಹಿಡಿಯುವಂತೆ ನನ್ನ ಕತ್ತಿನ ಬುಡವನ್ನು ಎರಡು ಬೆರಳಲ್ಲಿ ಹಿಡಿಯಿತು.

"ಚಿಕ್ಕಮ್ಮ, ನಾನು. ಕಣ್ಣು ಬಿಡು."

"ಬಿಟ್ಟೇ ಇದ್ದೀನಿ," ಎಂದಳು. ಹಿಡಿತ ಬಿಗಿಯಾಯಿತು.