ಪೈಪಿನಲ್ಲೊಂದು ತೂತು

ಹವಳ ಸಾಕುವ ಟ್ಯಾಂಕಿನ ದೀಪದ ನೀಲಿ ಮೊದಲು ಬಿದ್ದದ್ದು ಅಳಿಯನ ಮೂಗಿನ ಮೇಲೆ, ಆಮೇಲೆ ಕಿವಿಗೆ, ಆಮೇಲೆ ಗೋಡೆಯ ಕ್ಯಾಲೆಂಡರಿನ ಅರ್ಧ ತಿಂಗಳಿಗೆ, ಇವತ್ತು ಇಪ್ಪತ್ತೇ ಪರ್ಸೆಂಟ್ ಮಾವ, ಹವಳಕ್ಕೆ ಮೊದಲ ದಿನವೇ ಪೂರ್ತಿ ಬೆಳಕು ಬಿಟ್ಟರೆ ಬಿಳಿಚಿಕೊಂಡು ಸತ್ತೇಹೋಗುತ್ತೆ, ದಿನಾ ಸ್ವಲ್ಪ ಸ್ವಲ್ಪ ಏರಿಸಬೇಕು — ಹೌದಾ, ಅಂದ ಮಾವ, ಮೂವತ್ತೆಂಟು ವರ್ಷ ಮನೆಮನೆಗೆ ವೈರಿಂಗ್ ಮಾಡಿದವನು, ಬಲ್ಬಿಗೆ ಪಥ್ಯ ಹೇಳುವವರನ್ನು ಕಂಡದ್ದು ಇದೇ ಮೊದಲು, ನಗಬೇಕು ಅನಿಸಿತು, ನಗಲಿಲ್ಲ, ಯಾಕೆಂದರೆ ಆ ಬೆಳಕಿಗೆ ನೀರಿನೊಳಗಿನ ಬಿಳಿ ಪೈಪೂ ಹೊಳೆಯುತ್ತಿದೆ, ಪೈಪಿನ ಬಾಗಿನಲ್ಲಿ ಬೂದುಬಣ್ಣದ ಉಂಡೆಯೊಂದು, ಕಡಲೆಕಾಳಿನಷ್ಟು, ನಿನ್ನೆ ತನ್ನದೇ ಹೆಬ್ಬೆರಳಲ್ಲಿ ಒತ್ತಿ ಕೂರಿಸಿದ್ದು. ನಿನ್ನೆ ಅಳಿಯ ದೀಪದ ಸ್ಟ್ಯಾಂಡಿಗೆ ಸ್ಕ್ರೂ ತರಲು ಹೋಗಿದ್ದ, ಟ್ಯಾಂಕ್ ಇನ್ನೂ ತುಂಬುತ್ತಿತ್ತು, ಕೆಳಗೆ ಕಪಾಟಿನೊಳಗಿನ ತೊಟ್ಟಿಯಿಂದ ಪಂಪ್ ನೀರೆತ್ತುತ್ತಿತ್ತು, ಪೈಪಿನ ಬಾಗಿನಿಂದ ದಾರದಷ್ಟು ಸಣ್ಣ ನೀರು ಚಿಮ್ಮಿ ನೇರ ದೀಪದ ಸ್ಟ್ಯಾಂಡಿಗೆ ಹೊಡೆಯುತ್ತಿತ್ತು, ಉಪ್ಪುನೀರು, ಕರೆಂಟಿನ ಪಕ್ಕ, ಇದನ್ನು ನೋಡಿಕೊಂಡು ಕೈಕಟ್ಟಿ ಕೂರುವ ವೈರಿಂಗ್‌ನವನು ಯಾವನು, ಪಾಪ ಡ್ರಿಲ್ ಜಾರಿ ತೂತು ಬಿದ್ದಿದೆ, ಹೇಳಿದರೆ ಹುಡುಗನ ಮುಖ ಇಷ್ಟಾಗುತ್ತೆ, ಸುಮ್ಮನೆ ಮುಚ್ಚಿಬಿಟ್ಟರಾಯಿತು — ಬ್ಯಾಗಿನಲ್ಲಿ ಅಂಟು ಇತ್ತು, ನೀರಿನಲ್ಲೂ ಗಟ್ಟಿಯಾಗುವಂಥದ್ದು, ಪಂಪ್ ನಿಲ್ಲಿಸಿ, ಒರೆಸಿ, ಒತ್ತಿ, ಮತ್ತೆ ಹಾಕಿದ್ದ, ಐದು ನಿಮಿಷದ ಕೆಲಸ, ಯಾರಿಗೂ ಗೊತ್ತಿಲ್ಲ.

ಯಾರಿಗೂ ಗೊತ್ತಾಗಬಾರದು, ಬರುವ ಮೊದಲೇ ಮಗಳು ಫೋನಿನಲ್ಲಿ ಹೇಳಿದ್ದಳಲ್ಲ, ಅಪ್ಪಾ ನಿನ್ನ ದಮ್ಮಯ್ಯ, ಈ ಸಲ ಏನೂ ರಿಪೇರಿ ಮಾಡಬೇಡ, ಹೋದ ಸಲ ನೆಟ್ಟಗಿದ್ದ ಫ್ಯಾನ್ ಬಿಚ್ಚಿಟ್ಟೆ, ಮೂರು ದಿನ ಇವರು ಮಾತೇ ಆಡಲಿಲ್ಲ, ಇನ್ನೊಂದು ಸಲ ಹಾಗಾದರೆ ಬಾ ಅಂತ ಕರೆಯೋ ಮುಖ ನನಗಿರಲ್ಲ — ಆ ಫ್ಯಾನ್ ನೆಟ್ಟಗಿರಲಿಲ್ಲ, ಅದು ಬೇರೆ ಮಾತು. ಈಗ ಅವಳು ಕಪಾಟಿನ ಮುಂದೆ ನೆಲದ ಮೇಲೆ ಬರಿಗಾಲು ಚಾಚಿ ಕೂತಿದ್ದಾಳೆ, ಮೇಲೆ ಹೊಸ ನೀರಿಗೆ ಒಗ್ಗಲೆಂದು ಬಿಟ್ಟ ಹವಳದ ಚೀಲಗಳು ತೇಲುತ್ತಿವೆ, ಕೆಳಗೆ ತೊಟ್ಟಿ, ತೊಟ್ಟಿಯ ಪಕ್ಕದಲ್ಲೇ ನೆಲಕ್ಕೆ ಮಲಗಿಸಿದ ಎಕ್ಸ್‌ಟೆನ್ಷನ್ ಬೋರ್ಡ್, ಅದನ್ನು ನಿನ್ನೆಯೇ ಕಂಡಿದ್ದ, ದಿನಕ್ಕೊಂದೇ ತಲೆಹಾಕುವಿಕೆ ಸಾಕು ಅಂತ ಬಾಯಿ ಮುಚ್ಚಿಕೊಂಡಿದ್ದ. ಇನ್ನೊಂದೇ ಟೆಸ್ಟ್ ಬಾಕಿ ಮಾವ, ಅನ್ನುತ್ತಾನೆ ಅಳಿಯ, ಕರೆಂಟ್ ಹೋದರೆ ಮೇಲಿನ ನೀರು ಅದೇ ಪೈಪಿನಲ್ಲಿ ವಾಪಸ್ ಕೆಳಗೆ ಬರುತ್ತೆ, ಬಿಟ್ಟರೆ ತೊಟ್ಟಿ ತುಂಬಿ ಮನೆಯೆಲ್ಲಾ ಸಮುದ್ರ, ಅದಕ್ಕೇ ನಾನು ಬೇಕಂತಲೇ ಒಂದು ತೂತು ಕೊರೆದಿದ್ದೀನಿ, ನೀರು ಎರಡು ಬೆರಳು ಇಳೀತಿದ್ದ ಹಾಗೇ ಅದು ಗಾಳಿ ಎಳ್ಕೊಳ್ಳುತ್ತೆ, ಇಳಿಯೋದು ನಿಂತುಹೋಗುತ್ತೆ, ಹೇಗೆ. ಬೇಕಂತಲೇ. ಬೇಕಂತಲೇ. ಹೇಳು, ಈಗಲೇ ಹೇಳು, ಅಳಿಯಂದಿರೇ ಒಂದು ನಿಮಿಷ ಅನ್ನು, ಅಷ್ಟೇ — ಕೆಲಸಕ್ಕೆ ಸೇರಿದ ಹೊಸದರಲ್ಲಿ ಒದ್ದೆ ವೈರ್ ಹಿಡಿದಿದ್ದ, ಹಿಡಿದ ಕೈ ಬಿಡುತ್ತಿಲ್ಲ, ದವಡೆ ಕಚ್ಚಿಕೊಂಡಿದೆ, ಕೂಗು ಒಳಗೇ ಸುತ್ತುತ್ತಿದೆ, ಈಗ ಕರೆಂಟೇ ಇಲ್ಲದೆ ಅದೇ ದವಡೆ, ಅದೇ ಕೂಗು, ಅಳಿಯನ ಮುಖದ ಮೇಲೆ ಎಷ್ಟು ಖುಷಿ, ಎಂಟು ತಿಂಗಳಿಂದ ಕೂಡಿಟ್ಟ ಖುಷಿ, ಬಹುಶಃ ಅಂಟು ಬಿಟ್ಟಿರಬಹುದು, ಅಗ್ಗದ ಅಂಟು — ಇಲ್ಲ, ತಾನು ಮಾಡಿದ ಕೆಲಸ ಯಾವತ್ತು ಬಿಟ್ಟಿದೆ.

ಅಳಿಯ ಪಂಪಿನ ಪ್ಲಗ್ ಕಿತ್ತ. ಗುಂಯ್ ನಿಂತಿತು. ಮೇಲೆ ನೀರು ಇಳಿಯುತ್ತಿದೆ, ಚೀಲಗಳೂ ಜೊತೆಗೇ, ಕೆಳಗೆ ತೊಟ್ಟಿಯಲ್ಲಿ ಏರುತ್ತಿದೆ, ರೀ, ನೀವು ತೊಟ್ಟಿಗೆ ಹಾಕಿದ ಗೆರೆ ದಾಟ್ತಲ್ಲ, ಇರು ಇರು ಈಗ ನಿಲ್ಲುತ್ತೆ, ಎಲ್ಲಿ ನಿಂತಿತು, ನಿಲ್ಲುತ್ತೆ ಕಣೇ ತೂತಿಗೆ ಬರಲಿ, ನಾಲ್ಕು ಬೆರಳು, ಮೂರು, ತೊಟ್ಟಿಯ ಅಂಚಿಗೆ ಎರಡು ಬೆರಳು, ಬೋರ್ಡಿನ ಕೆಂಪು ದೀಪ, ಮಗಳ ಹಿಮ್ಮಡಿ, ಬಾಯಿಗಿಂತ ಮೊದಲು ಕೈ ಹೋಯಿತು, ಬೆನ್ನ ಹಿಂದೆ ಬಾಗಿಲ ಪಕ್ಕ ಮೇನ್ ಸ್ವಿಚ್, ಟಕ್ — ನೀಲಿ ಸತ್ತಿತು, ಪರದೆ ಎಳೆದ ಕೋಣೆ ಮಬ್ಬಾಯಿತು, ಮಾವ ಏನ್ ಮಾಡಿದ್ರಿ, ಪಂಪ್ ಹಾಕಿದ್ದರೆ ಸಾಕಿತ್ತು, ನೀರು ಮೇಲೇರ್ತಿತ್ತು, ಕರೆಂಟ್ ಹಾಕಿ ಮಾವ, ಹಾಕಲ್ಲ, ಬೋರ್ಡ್ ನೆಲದ ಮೇಲಿದೆ, ಕಾಲೆತ್ತು ಮಗಾ ಕಾಲೆತ್ತು, ಪೈಪ್ ಎತ್ತೋ, ನೀರಿಂದ ಮೇಲಕ್ಕೆತ್ತೋ, ತೂತು ಇಲ್ಲ ಕಣೋ, ಮುಚ್ಚಿದ್ದು ನಾನೇ — ಆರು ವರ್ಷ ನೀವು ತಾವು ಅಂದ ನಾಲಗೆ, ಎತ್ತೋ ಅಂದುಬಿಟ್ಟಿತು, ಅಳಿಯ ಮೊಣಕೈ ತನಕ ತೋಯಿಸಿಕೊಂಡು ಪೈಪ್ ಕಿತ್ತೆತ್ತಿದ, ಗಳಕ್ ಅಂತ ಗಾಳಿ ನುಂಗಿದ ಸದ್ದು, ಮಗಳು ಕುರ್ಚಿಗೆ ಹತ್ತಿ ಕಾಲು ಮಡಚಿಕೊಂಡು ಅಪ್ಪಾ ಅಂದಳು, ಅಪ್ಪಾ ಅಷ್ಟೇ, ಅಳಿಯ ತಿರುಗಿ ನೋಡುತ್ತಿದ್ದಾನೆ, ಆ ಕಣ್ಣನ್ನು ನೋಡಲಾರೆ, ಕೆಳಗೆ ನೋಡು, ತೊಟ್ಟಿಯಲ್ಲಿ ನೀರು ಅಂಚು ಮುಟ್ಟಿ, ಅಂಚಿಗಿಂತ ಒಂದು ಕೂದಲಿನಷ್ಟು ಮೇಲೆದ್ದು, ಉಬ್ಬಿ ನಿಂತಿದೆ, ಚೆಲ್ಲಿಲ್ಲ, ಏನಾದರೂ ಅನ್ನಯ್ಯ, ಬೈಯ್ಯಿ, ಉಬ್ಬಿ ನಿಂತಿದೆ, ಯಾರಾದರೂ ಒಂದು ಹೆಜ್ಜೆ ಇಟ್ಟರೆ, ಯಾರಾದರೂ ಜೋರಾಗಿ ಉಸಿರು ಬಿಟ್ಟರೆ, ಅಂಚಿನ ಮೇಲೆ ನೀರು, ಉಬ್ಬಿ,