ಲಾಲಪ್ಪ ಕಲಿಸಿದ ಕಣ್ಣಿನ ಪಾಠ

ಮೆಡಿಕಲ್ ಪರೀಕ್ಷೆ ಎಂಬುದು ಇರುವುದೇ ಜನರನ್ನು ವಾಪಸು ಕಳಿಸುವುದಕ್ಕೆ ಎಂದು ಲಾಲಪ್ಪ ನಂಬಿದ್ದ. ಹೀಗಾಗಿ ಮಗಳು ಲುಂಬಿನಿ, "ಅಪ್ಪಾ, ಆಸ್ಟ್ರೇಲಿಯಾ ವೀಸಾಕ್ಕ ಮೆಡಿಕಲ್ ಆಗಬೇಕಂತ, ಮುಂದಿನ ತಿಂಗಳ ಹೈದರಾಬಾದಿಗಿ ಹೋಗೋದದ" ಎಂದಾಗ ಚಿತ್ತಾಪುರ ಡಿಪೋದ ಈ ಹಿರಿಯ ಕಂಡಕ್ಟರ್ ಕೈಯಲ್ಲಿದ್ದ ರೊಟ್ಟಿ ತಟ್ಟೆಗಿಟ್ಟು, ಅವಳ ಮುಖದ ಮೇಲಿದ್ದ ದಪ್ಪ ಕನ್ನಡಕವನ್ನೇ ನೋಡಿದ.

ಲುಂಬಿನಿ ಕೃಷಿ ಪದವಿ ಮುಗಿಸಿದ್ದಳು. ತೊಗರಿಗೆ ಬರುವ ನೆಟೆರೋಗದ ಬಗ್ಗೆ ಮುಂದೆ ಓದಲು ಆಸ್ಟ್ರೇಲಿಯಾದ ವಿಶ್ವವಿದ್ಯಾಲಯದಲ್ಲಿ ಸೀಟು, ವಿದ್ಯಾರ್ಥಿವೇತನ ಎರಡನ್ನೂ ಗಿಟ್ಟಿಸಿದ್ದಳು. ಬಾಕಿ ಇದ್ದದ್ದು ವೀಸಾ, ವೀಸಾಕ್ಕೆ ಬಾಕಿ ಇದ್ದದ್ದು ಈ ಪರೀಕ್ಷೆ. ಏಳನೆಯ ತರಗತಿಯಿಂದ ಅವಳಿಗೆ ಕನ್ನಡಕ. ಅದಿಲ್ಲದಿದ್ದರೆ ಬಸ್ಸಿನ ಬೋರ್ಡು ಹಾಗಿರಲಿ, ಬಸ್ಸೇ ಮಸುಕು. ಆ ಕಣ್ಣು ತನ್ನಿಂದಲೇ ಬಂದದ್ದು ಎಂಬ ಕೊರಗು ಲಾಲಪ್ಪನದು. ತನ್ನ ಕಣ್ಣಿನ ದೆಸೆಯಿಂದ ಮಗಳ ಸೀಟು ಹೋಗಕೂಡದು ಎಂದು ಅವತ್ತೇ ನಿಶ್ಚಯಿಸಿದ.

"ಚಷ್ಮಾ ಹಾಕ್ಕೊಂಡೇ ನೋಡ್ತಾರಪ್ಪಾ. ಚಷ್ಮಾ ಇದ್ರ ತರ್ರಿ ಅಂತ ಪತ್ರದಾಗೇ ಬರದಾರ," ಎಂದಳು ಲುಂಬಿನಿ.

"ತಂದವರ್ನ ಹಿಡೀಲಿಕ್ಕೇ ಹಂಗ ಬರದಿರ್ತಾರವ್ವಾ. ನಿನಗ ಗೊತ್ತಾಗಂಗಿಲ್ಲ."

ಮರುದಿನ ಆತ ಶಹಾಬಾದಿಗೆ ಹೋಗಿ, ಕನ್ನಡಕದ ಅಂಗಡಿಯ ಗೆಳೆಯ ಶೌಕತ ಅಲಿಯ ಗೋಡೆಗಿದ್ದ ಅಕ್ಷರಗಳ ಫಲಕದ ಫೋಟೊ ತೆಗೆದುಕೊಂಡ.

"ಲಾಲಪ್ಪ ಭಾಯಿ, ಚಷ್ಮಾ ಹಾಕ್ಕೊಂಡ್ರ ಯಾರೂ ಫೇಲ್ ಮಾಡಂಗಿಲ್ಲ. ಖಾಲಿಪೀಲಿ ಹುಡುಗಿ ತಲಿ ತಿನ್ನಬ್ಯಾಡ," ಎಂದ ಶೌಕತ ಅಲಿ.

ಕನ್ನಡಕ ಮಾರುವವನು ಇನ್ನೇನು ಹೇಳಿಯಾನು ಎಂದುಕೊಂಡು ಲಾಲಪ್ಪ ಬಸ್ಸು ಹತ್ತಿದ.

ಅಂದಿನಿಂದ ದಿನಾ ಸಂಜೆ ಪಾಠ ಶುರು. ಚಿಂಚೋಳಿ ಟ್ರಿಪ್ ಮುಗಿಸಿ ಬಂದವನು ಖಾಕಿ ಅಂಗಿಯನ್ನೂ ಕಳಚದೆ, ಫೋನು ಹಿಡಿದು ಕುರ್ಚಿಯಲ್ಲಿ ಕೂರುತ್ತಿದ್ದ. ಲುಂಬಿನಿ ಕನ್ನಡಕ ತೆಗೆದು ಎದುರಿಗೆ ನಿಲ್ಲುತ್ತಿದ್ದಳು.

"ಮೂರನೇ ಸಾಲು?"

"ಟಿ, ಓ, ಝಡ್."

"ಶಾಬಾಶ್. ಈಗ ಕೆಳಗಿಂದ ಮ್ಯಾಲಕ್ಕ ಹೇಳು."

ಬಸ್ಸಿನಲ್ಲೂ ಅದೇ ಧ್ಯಾನ. ತೆಂಗಳಿಯ ಅಜ್ಜಿಯೊಬ್ಬಳಿಗೆ ಟಿಕೆಟ್ ಹರಿದುಕೊಡುತ್ತ "ಎಲ್, ಪಿ, ಇ, ಡಿ" ಎಂದುಬಿಟ್ಟ. ಆಕೆ ಗಾಬರಿಯಾಗಿ, "ಅಲ್ಲೆಲ್ಲ ಬ್ಯಾಡೋ ಯಪ್ಪಾ, ನನ್ನ ಗುಂಡಗುರ್ತಿಗಿ ಇಳಸು ಸಾಕು" ಎಂದಳು. ಇಡೀ ಬಸ್ಸು ನಕ್ಕಿತು.

ಎಂಟನೆಯ ದಿನ ಲುಂಬಿನಿ ಕೇಳಿದಳು: "ಅಪ್ಪಾ, ಮೆಡಿಕಲ್ ಅಂದ್ರ ನಿನಗ ಇಷ್ಟ್ಯಾಕ ಅಂಜಿಕಿ?"

ಲಾಲಪ್ಪ ಅಡುಗೆಮನೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. ವಾಡಿ ಜಂಕ್ಷನ್ನಿನ ಎಂಜಿನ್ನುಗಳನ್ನು ನೋಡುತ್ತಲೇ ಬೆಳೆದವನು ಆತ. ಇಪ್ಪತ್ತೇಳು ವರ್ಷದ ಹಿಂದೆ ರೈಲಿನ ಅಸಿಸ್ಟೆಂಟ್ ಡ್ರೈವರ್ ಕೆಲಸದ ಲಿಖಿತ ಪರೀಕ್ಷೆ ಪಾಸಾಗಿ, ಸಿಕಂದರಾಬಾದಿಗೆ ಮೆಡಿಕಲ್‌ಗೆ ಹೋಗಿದ್ದ. ಬರಿಗಣ್ಣಿನಲ್ಲಿ ಕೆಳಗಿನ ಸಾಲು ಓದಲಾಗಲಿಲ್ಲ. ಕಾಗದದ ಮೇಲೆ ಅನ್‌ಫಿಟ್ ಎಂದು ಠಸ್ಸೆ ಬಿತ್ತು.

"ಮನ್ಯಾಗ ಪೋಸ್ಟ್ ಕಮ್ಮಿ ಆದವು ಅಂತ ಹೇಳ್ದೆ. ನಿಮ್ಮವ್ವಗೂ ಇವತ್ತಿನತನ ಖರೇ ಹೇಳಿಲ್ಲ. ನೀನೂ ಹೇಳಬ್ಯಾಡ."

ಲುಂಬಿನಿ ಹೂಂ ಎಂದಳು. ಮಾರನೆಯ ದಿನದಿಂದ ಅಪ್ಪ ಕರೆಯುವ ಮೊದಲೇ ಬಂದು ನಿಲ್ಲತೊಡಗಿದಳು.

ಪರೀಕ್ಷೆಯ ದಿನ ಅಪ್ಪ, ಮಗಳು ಹೈದರಾಬಾದಿನ ಕ್ಲಿನಿಕ್ ಮುಟ್ಟಿದರು. ರಕ್ತ, ಮೂತ್ರ, ಎದೆಯ ಎಕ್ಸ್‌ರೇ, ತೂಕ, ಎತ್ತರ ಎಲ್ಲ ಆಯಿತು. ಉಳಿದದ್ದು ಡಾಕ್ಟರ ಕೋಣೆ, ಅಲ್ಲೇ ಕಣ್ಣಿನ ಫಲಕ. ಬಾಗಿಲಲ್ಲಿ ಲಾಲಪ್ಪ ಕೈ ಚಾಚಿದ. ಲುಂಬಿನಿ ಕನ್ನಡಕ ತೆಗೆದುಕೊಟ್ಟಳು. ಆತ ಅದನ್ನು ಅಂಗಿಯ ಕಿಸೆಗೆ ಇಳಿಸಿಕೊಂಡ. ಅವಳು ಗೋಡೆ ತಡವುತ್ತ ಒಳಗೆ ಹೋದಳು.

ಐದು ನಿಮಿಷಕ್ಕೆಲ್ಲ ನರ್ಸ್ ಹೊರಗೆ ಬಂದಳು.

"ಲುಂಬಿನಿ ಕಾ ಫಾದರ್ ಕೌನ್? ಡಾಕ್ಟರ್ ಬುಲಾರೇ."

ಡಾಕ್ಟರು ಕರೆದದ್ದು ಲಾಲಪ್ಪನನ್ನೇ. ಸಿಕ್ಕಿಬಿದ್ದೆವು, ಮಗಳ ಓದಿಗೆ ನಾನೇ ಕಲ್ಲು ಹಾಕಿದೆ ಎಂದುಕೊಳ್ಳುತ್ತ ಒಳಗೆ ಹೋದವನು, ಡಾಕ್ಟರಮ್ಮ ಕೂಡ್ರಿ ಅನ್ನುವ ಮೊದಲೇ ಕೈ ಮುಗಿದ.

"ಮೇಡಂ, ತಪ್ಪು ನಂದದ್ರಿ. ಬಾಯಿಪಾಠ ಮಾಡ್ಸಿದವ ನಾನೇ. ಹುಡುಗಿದು ಏನೂ ಇಲ್ಲ. ಅಕಿ ಕಣ್ಣು ನನ್ನಿಂದ ಬಂದಾವ, ತಲಿ ಮಾತ್ರ ಅಕಿದೇ ಅದ. ಏನು ಬರೀಬೇಕಂದ್ರೂ ನನ್ನ ಹೆಸರಿಗಿ ಬರಕೋರಿ, ಅಕಿನ್ನ ಬಿಡ್ರಿ."

ಡಾಕ್ಟರಮ್ಮ ಕಕ್ಕಾಬಿಕ್ಕಿ. ಕಲಬುರಗಿಯಲ್ಲಿ ಓದಿದ್ದವರಾದ್ದರಿಂದ ಮಾತು ಮಾತ್ರ ತಿಳಿಯಿತು.

"ಎಂಥಾ ಬಾಯಿಪಾಠರಿ? ನಾ ಚಷ್ಮಾ ಕೇಳ್ಲಿಕ್ಕಿ ಕರದೀನಿ. ನಿಮ್ಮ ಮಗಳು ಬಂದ ಕೂಡ್ಲೇ 'ಚಷ್ಮಾ ಅಪ್ಪನ ಕಿಸೆದಾಗ ಅದ, ನಾ ಹೇಳಿದ್ರ ನಂಬಂಗಿಲ್ಲ, ನೀವೇ ಹೇಳ್ರಿ' ಅಂದ್ಳು."

ಲುಂಬಿನಿ ತುಟಿ ಕಚ್ಚಿ ನಗು ತಡೆಯುತ್ತಿದ್ದಳು. ಡಾಕ್ಟರಮ್ಮ ಕಂಪ್ಯೂಟರ್ ಇತ್ತ ತಿರುಗಿಸಿ ತೋರಿಸಿದರು. ಕನ್ನಡಕವಿಲ್ಲದೆ ಎಷ್ಟು ಕಾಣುತ್ತದೆ, ಹಾಕಿಕೊಂಡರೆ ಎಷ್ಟು ಕಾಣುತ್ತದೆ ಎಂದು ಬರೆಯಲು ಎರಡು ಚೌಕಗಳಿದ್ದವು.

"ಎರಡೂ ಬರೀತೀವಿ. ಅಕಿ ಏನು ರೈಲು ಓಡಸ್ಲಿಕ್ಕಿ ಹೊಂಟಾಳೇನ್ರಿ? ಓದ್ಲಿಕ್ಕಿ ಹೊಂಟಾಳ."

ಲಾಲಪ್ಪ ಕಿಸೆಯಿಂದ ಕನ್ನಡಕ ತೆಗೆದು ಮಗಳಿಗೆ ಕೊಟ್ಟ. ರೈಲಿನ ಮಾತು ಎಲ್ಲಿ ತಾಕಿತೆಂದು ಪಾಪ, ಆ ಡಾಕ್ಟರಮ್ಮನಿಗೇನು ಗೊತ್ತು! ಲುಂಬಿನಿ ಕನ್ನಡಕ ಹಾಕಿಕೊಂಡು ಫಲಕವನ್ನು ಕೊನೆಯ ಸಾಲಿನವರೆಗೂ ಗಳಗಳ ಓದಿದಳು. ಆ ಅಕ್ಷರಗಳೇ ಬೇರೆ. ತಿಂಗಳಿಡೀ ಕಲಿಸಿದ್ದರಲ್ಲಿ ಒಂದು ಸಾಲೂ ಅಲ್ಲಿರಲಿಲ್ಲ.

ಮನೆಗೆ ಮರಳುವ ರೈಲು ತಾಂಡೂರು ದಾಟಿದ ಮೇಲೆ ಲಾಲಪ್ಪ ಮಗಳ ಕಡೆ ತಿರುಗಿದ.

"ಎಲ್ಲಾ ಗೊತ್ತಿದ್ದು ತಿಂಗಳತನ ಯಾಕ ಬಾಯಿಪಾಠ ಮಾಡ್ದಿಯವ್ವಾ?"

"ಮೊದಲ ಎಂಟು ದಿನ ನಿನ್ನ ಸಮಾಧಾನಕ್ಕ ಮಾಡ್ದೆ. ಎಂಟನೇ ದಿನ ನೀ ರೈಲಿನ ಮಾತು ತಗದಿ. ಯಾರಿಗೂ ಹೇಳಲಾರದ್ದು ನನಗ ಹೇಳ್ದಿ. ಆಮ್ಯಾಲ ಹ್ಯಾಂಗ ಬಿಡ್ಲಪ್ಪಾ?"

ಲಾಲಪ್ಪ ಕಿಟಕಿಯ ಕಡೆ ಮುಖ ಮಾಡಿದ. ಸೇಡಂ ಹತ್ತಿರವಾಗುವಾಗ ಫೋನು ತೆಗೆದು ಹೆಂಡತಿಗೆ ಹಚ್ಚಿದ.

"ಹುಡುಗಿದು ಎಲ್ಲಾ ಸುಸೂತ್ರ ಆಯ್ತೇನ್ರಿ?" ಎಂದಳು ಅನಸುಬಾಯಿ.

"ಆಯ್ತು. ಅನಸೂ, ಇನ್ನೊಂದು ಮಾತದ. ರೈಲ್ವೆದಾಗ ಪೋಸ್ಟ್ ಕಮ್ಮಿ ಆದವು ಅಂದಿದ್ದೆಲ್ಲ, ಅದು ಸುಳ್ಳು. ನಾ ಕಣ್ಣಿಂದ ಫೇಲಾಗಿದ್ದೆ."

"ಗೊತ್ತದರಿ. ಆ ಕಾಗದ ನಿಮ್ಮ ಅಂಗಿದಾಗ ನಿಮ್ಮವ್ವಗ ಸಿಕ್ಕಿತ್ತಂತ. ಲಗ್ನಕ್ಕ ಮೊದಲೇ ನನ್ನ ಕೂಡಿಸಿಕೊಂಡು, 'ನನ್ನ ಮಗನಿಗಿ ದೂರಿಂದು ಕಾಣಂಗಿಲ್ಲವ್ವಾ, ನೀ ಹತ್ರನೇ ಇರು' ಅಂದ್ಳು. ಇದ್ದೀನಲ್ಲ."

ಫೋನು ಆಕೆಯೇ ಇಟ್ಟಳು. ಚಿತ್ತಾಪುರ ಬರುವವರೆಗೆ ಲಾಲಪ್ಪ ಯಾರಿಗೂ ಏನೂ ಕಲಿಸಲಿಲ್ಲ.