ಅತ್ತೆಯ ಕಣ್ಣಿನ ಪೊರೆ

ಅತ್ತೆ ಸೊಸೆ ಅಂದರೆ ಹಾವು ಮುಂಗುಸಿ ಎನ್ನುತ್ತಾರೆ. ನಮ್ಮ ಮನೆಯ ಮಟ್ಟಿಗೆ ಹಾವು ನಿಜವಾಗಿಯೂ ಇದೆ. ನನ್ನ ಸೊಸೆ ಪ್ರಾಣಿ ಸಂಗ್ರಹಾಲಯದ ಹಾವಿನ ಮನೆಯಲ್ಲಿ ಕೆಲಸ ಮಾಡುತ್ತಾಳೆ. ಇಪ್ಪತ್ತಾರು ಹಾವುಗಳ ಊಟ, ನೀರು, ಶಾಖ ಎಲ್ಲ ಅವಳ ಕೈಯಲ್ಲಿ. ಯಾರಾದರೂ ಕೇಳಿದರೆ ಹೇಳುತ್ತೇನೆ, ಕೇಳದಿದ್ದರೂ ಹೇಳುತ್ತೇನೆ. ನಲವತ್ತು ವರ್ಷ ಹೊಲಿಗೆ ಯಂತ್ರ ತುಳಿದವಳು ನಾನು. ಒಳ್ಳೆಯ ಕೆಲಸ ಕಂಡರೆ ಬಾಯಿ ಮುಚ್ಚಿಕೊಂಡು ಕೂರಲು ನನಗೆ ಬರುವುದಿಲ್ಲ.

ಆವತ್ತು ಬೆಳಗ್ಗೆ ಮಾತ್ರ ಅವಳ ಮೇಲೆ ಕೆಂಡದಂಥ ಕೋಪ ಬಂದಿತ್ತು. ಅವಳು ಅಡುಗೆಮನೆಯಲ್ಲಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದಳು, ನಾನು ಬಾಗಿಲ ಹೊರಗಿದ್ದೆ. ಕದ್ದು ಕೇಳಲಿಲ್ಲ, ಕಿವಿಗೆ ಬಿತ್ತು.

"ಅತ್ತೆ ಕಣ್ಣಲ್ಲಿ ಪೊರೆ ಉಳ್ಕೊಂಡಿದೆ ಅಂತಾರಾ? ಚಿಮಟ ಹಾಕಿ ಎಳೀತಾರಂತಾ? ನಾನು ಬರೋವರೆಗೂ ಅತ್ತೇನ ಯಾರೂ ಮುಟ್ಟಬಾರ್ದು. ಪೆಟ್ಟಿಗೆಯಿಂದ ಆಚೆ ತೆಗೀಲೇಬೇಡಿ."

ನನ್ನ ಎಡಗಣ್ಣಿಗೆ ಪೊರೆ ಬಂದು ವರ್ಷವಾಗಿತ್ತು, ಬಲಗಣ್ಣಿಗೂ ಹತ್ತಿರದ್ದೆಲ್ಲ ಮಸುಕು. ಆಪರೇಷನ್ ಎಂದರೆ ನನಗೆ ಜೀವಭಯ, ಇವತ್ತು ನಾಳೆ ಎಂದು ತಳ್ಳುತ್ತಲೇ ಇದ್ದೆ. ಅದಕ್ಕೆಂದು ಚಿಮಟವೇ? ಪೆಟ್ಟಿಗೆ ಬೇರೆಯೇ? ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಊಟದ ಡಬ್ಬಿಯನ್ನೂ ಮರೆತು ಓಡಿದ್ದಳು. ಡಬ್ಬಿ ಹಿಡಿದುಕೊಂಡು ನಾನು ಮುಂದಿನ ಬಸ್ಸು ಹತ್ತಿದೆ. ಡಬ್ಬಿ ಬರೀ ನೆಪ, ಹೊರಟಿದ್ದು ಜಗಳಕ್ಕೆ.

ಹಾವಿನ ಮನೆಯ ಹಿಂಭಾಗದಲ್ಲಿ ಸೊಸೆಯ ಕೆಲಸದ ಕೋಣೆ. ಒಂದು ನೀರಿನ ತೊಟ್ಟಿ, ಒಂದು ಉಕ್ಕಿನ ಮೇಜು, ಒದ್ದೆ ಪೇಪರಿನ ವಾಸನೆ. ಮೇಜಿನ ಮೇಲೆ ಗಾಳಿ ಆಡುವ ದೊಡ್ಡ ಪೆಟ್ಟಿಗೆ, ಅದರೊಳಗೆ ನನ್ನ ತೋಳಿಗಿಂತ ದಪ್ಪದ ಹೆಬ್ಬಾವು. ಪೆಟ್ಟಿಗೆಗೆ ಅಂಟಿಸಿದ ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ 'ಅತ್ತೆ' ಎಂದಿತ್ತು.

ನನ್ನ ಮಂಜು ಕಣ್ಣಿಗೂ ಅದು ಚೆನ್ನಾಗಿಯೇ ಕಂಡಿತು.

"ಇದಕ್ಕೆ ನನ್ನ ಹೆಸರು ಯಾಕೆ?" ಎಂದೆ.

ಸೊಸೆ ನೆಲ ನೋಡಿದಳು. "ಹತ್ರ ಹೋದ್ರೆ ಬುಸ್ ಅಂತಾಳೆ ಅತ್ತೆ. ಆದ್ರೆ ಆರು ವರ್ಷದಲ್ಲಿ ಒಂದ್ಸಲಾನೂ ಕಚ್ಚಿಲ್ಲ."

ಬೈಯಬೇಕೋ ನಗಬೇಕೋ ತಿಳಿಯಲಿಲ್ಲ. ಎರಡಕ್ಕೂ ಪುರುಸೊತ್ತು ಸಿಗಲಿಲ್ಲ, ಯಾಕೆಂದರೆ ಎದುರಿಗೆ ಪ್ರಾಣಿಗಳ ಡಾಕ್ಟರು ಚಿಮಟ ಹಿಡಿದು ನಿಂತಿದ್ದರು. ಅವರ ಬಿಳಿ ಕೋಟಿನ ಮೂರನೇ ಗುಂಡಿ ಒಂದೇ ಎಳೆಯಲ್ಲಿ ನೇತಾಡುತ್ತಿತ್ತು. ಕಾಲು ಮುರಿದುಕೊಂಡ ಜಿಂಕೆಯೊಂದು ಅವರಿಗಾಗಿ ಕಾಯುತ್ತಿತ್ತಂತೆ.

"ನೋಡಮ್ಮ, ಎಡಗಣ್ಣು ಸುಕ್ಕಾಗಿದೆ, ಮಂಕಾಗಿದೆ. ಹಳೇ ಪೊರೆ ಅಲ್ಲೇ ಕೂತಿದೆ. ಬಿಟ್ರೆ ಕುರುಡಾಗುತ್ತೆ. ಎರಡು ನಿಮಿಷದ ಕೆಲಸ, ಪೆಟ್ಟಿಗೆ ತೆಗೆ," ಎಂದರು ಸೊಸೆಗೆ.

ಸೊಸೆ ಮೇಜಿಗೂ ಚಿಮಟಕ್ಕೂ ನಡುವೆ ಬಂದು ನಿಂತಳು. "ಪೊರೆಯ ತಲೆ ಭಾಗ ಸಿಗಲಿ ಸರ್. ಅದನ್ನ ನೋಡದೆ ಕಣ್ಣು ಮುಟ್ಟೋದು ಬೇಡ."

"ಇಪ್ಪತ್ತು ವರ್ಷದಿಂದ ನೋಡ್ತಿದೀನಿ ನಾನು."

"ನೀವು ನೋಡಿದೀರ ಸರ್. ಈ ಸಲ ಇವಳು ಬಿಟ್ಟ ಪೊರೆ ನೋಡಿಲ್ಲ."

ಧ್ವನಿ ಒಂದಿಷ್ಟೂ ಅಲುಗಲಿಲ್ಲ. ಆದರೆ ನಾನು ಅವಳ ಹಿಂದೆ ನಿಂತಿದ್ದೆನಲ್ಲ, ಬೆನ್ನ ಹಿಂದಿನ ಕೈಗಳು ಪೆಟ್ಟಿಗೆಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಿದ್ದುದು ನನಗೆ ಕಂಡಿತು. ನನ್ನ ಕೋಪ ಎಲ್ಲಿ ಹೋಯಿತೋ ಗೊತ್ತಿಲ್ಲ.

ಡಾಕ್ಟರು ಗಡಿಯಾರ ನೋಡಿದರು. "ಜಿಂಕೆ ಮುಗಿಸಿ ಬರ್ತೀನಿ. ಅಷ್ಟರೊಳಗೆ ತೋರಿಸಿದ್ರೆ ಸರಿ. ಇಲ್ಲಾಂದ್ರೆ ಮತ್ತೆ ಅಡ್ಡ ಬರಬೇಡ."

ಅವರು ಹೋದ ಮೇಲೆ ಸೊಸೆ ಕಸದ ಚೀಲವನ್ನು ನೆಲಕ್ಕೆ ಸುರಿದಳು. ಗುಡಿಸುವಾಕೆ ಬೆಳಗ್ಗೆ ಪೊರೆಯನ್ನೆಲ್ಲ ಬಾಚಿ ಅದಕ್ಕೆ ತುಂಬಿದ್ದಳು. ಹುಡುಕುತ್ತಲೇ ಸೊಸೆ ನನಗೆ ವಿಷಯ ತಿಳಿಸಿದಳು.

"ಹಾವು ಸಾಯೋವರೆಗೂ ಬೆಳೀತಾನೇ ಇರುತ್ತೆ ಅತ್ತೆ, ಮೇಲಿನ ಚರ್ಮ ಬೆಳೆಯಲ್ಲ, ಸವೀತಾ ಹೋಗುತ್ತೆ. ಅಡಿಯಲ್ಲಿ ಹೊಸದು ತಯಾರಾದ ಮೇಲೆ ಹಳೇದನ್ನ ಬಿಡುತ್ತೆ. ಮೂತೀನ ಕಲ್ಲಿಗೆ ಉಜ್ಜಿ ತುಟಿ ಹತ್ರ ಬಿಡಿಸ್ಕೊಳುತ್ತೆ. ಆಮೇಲೆ ಕಾಲುಚೀಲ ಕಳಚಿದ ಹಾಗೆ, ಒಳಗಿಂದು ಹೊರಗಾಗಿ ಬರುತ್ತೆ. ಹಾವಿಗೆ ರೆಪ್ಪೆ ಇಲ್ಲ. ಕಣ್ಣ ಮೇಲೆ ಗಾಜಿನಂಥದ್ದೊಂದು ಪೊರೆ ಇರುತ್ತೆ, ಅದೂ ಜೊತೇಲೇ ಬಂದುಬಿಡುತ್ತೆ."

"ಈ ಸಲ ಬರಲಿಲ್ವಾ?"

"ಅದೇ ಗೊತ್ತಾಗಬೇಕು. ಇಲ್ಲಿ ತೇವ ಕೊಡೋ ಯಂತ್ರ ನಾಲ್ಕು ದಿನ ಕೆಟ್ಟಿತ್ತು. ಗಾಳಿ ಒಣಗಿ ಪೊರೆ ಚೂರುಚೂರಾಗಿ ಬಂತು. ಹಳೇ ಗಾಜು ಉಳಿದಿದ್ರೆ ಡಾಕ್ಟ್ರು ಹೇಳಿದ್ದು ಸರಿ. ಬಿದ್ದುಹೋಗಿದ್ರೆ ಕಣ್ಣಲ್ಲಿರೋದು ಹೊಸದು. ಅದನ್ನ ಎಳೆದ್ರೆ ಕಣ್ಣೇ ಹೋಯ್ತು."

ಚೂರುಗಳನ್ನು ನೆಲದ ಮೇಲೆ ಹರವಿದೆವು. ಬಟ್ಟೆಯ ತುಂಡು ಜೋಡಿಸಿ ಬದುಕಿದವಳಿಗೆ ಇದೇನು ಮಹಾ? ಬಾಲದ ಕಡೆ ಕಿರಿದು, ಹೊಟ್ಟೆಯ ಕಡೆ ಅಗಲದ ಪಟ್ಟಿ, ಬೆನ್ನಿನ ಕಡೆ ಸಣ್ಣ ಹುರುಪೆ. ಕಳಚುವಾಗ ಪೊರೆ ಹಿಗ್ಗುತ್ತದಂತೆ, ಹಾವಿಗಿಂತ ಉದ್ದವಾಯಿತು, ತಲೆ ಮಾತ್ರ ಇಲ್ಲ. ಕೊನೆಗೆ ಚೀಲದ ಮೂಲೆಯಲ್ಲಿ ನಿಂಬೆ ಗಾತ್ರದ ಒಣಗಿದ ಉಂಡೆಯೊಂದು ಸಿಕ್ಕಿತು. ಸೊಸೆ ಅದನ್ನು ಬಿಡಿಸಹೋದಳು, ಅಂಚು ಪಟ್ಟನೆ ಹರಿಯಿತು. ಅವಳು ಕೈ ಹಿಂದಕ್ಕೆಳೆದುಕೊಂಡಳು.

"ಕೊಡಿಲ್ಲಿ," ಎಂದೆ. "ನಿನ್ನ ಕೈ ಹೆಬ್ಬಾವಿಗೆ ಸರಿ. ಇದು ನನ್ನ ಕೈಗೆ ಬೇಕಾದ ಕೆಲಸ."

ಉಗುರುಬೆಚ್ಚಗಿನ ನೀರಿನಲ್ಲಿ ಅದನ್ನು ನೆನೆಯಬಿಟ್ಟೆ. ಎಳೆಮಗುವಿನ ಅಂಗಿಯ ತೋಳನ್ನು ಹೊಲಿದ ಮೇಲೆ ಒಳಹೊರಗು ಮಾಡಬೇಕಾದರೆ ಎಳೆಯಬಾರದು, ಒಳಗಿನಿಂದ ತಳ್ಳುತ್ತಾ ಬರಬೇಕು. ಪೆನ್ಸಿಲಿನ ಮೊಂಡು ತುದಿಯಿಂದ ಹಾಗೇ ತಳ್ಳಿದೆ. ನನ್ನ ಕಣ್ಣಿಗೆ ಬರೀ ಬಿಳಿ ಮಸುಕು ಕಾಣುತ್ತಿತ್ತು, ಬೆರಳಿಗೆ ಎಲ್ಲವೂ ಕಾಣುತ್ತಿತ್ತು. ಮೂಗು ಬಂತು, ತುಟಿಯ ಅಂಚು ಬಂತು. ಬಲಕ್ಕೆ ಒಂದು ನುಣುಪಾದ ದುಂಡನೆಯದು ತಗುಲಿತು.

"ಬಲಗಣ್ಣಿನ ಗಾಜು," ಎಂದಳು ಸೊಸೆ ದೀಪ ಹಿಡಿದು. "ಎಡದ್ದು ಅತ್ತೆ, ಎಡದ್ದು."

ಎಡಭಾಗ ಮಡಿಕೆಬಿದ್ದು ತುಟಿಗೆ ಅಂಟಿಕೊಂಡಿತ್ತು. ಅವಸರ ಮಾಡಿದರೆ ಹರಿಯುತ್ತದೆ, ಹರಿದರೆ ಇತ್ತೋ ಇಲ್ಲವೋ ಹೇಳುವವರಾರು? ಡಾಕ್ಟರ ಬೂಟಿನ ಸದ್ದು ಬಾಗಿಲಿಗೆ ಬಂತು. ನಾನು ತಲೆ ಎತ್ತಲಿಲ್ಲ.

"ಸಿಕ್ತಾ?"

"ಅತ್ತೆ ಕೆಲಸ ಮಾಡ್ತಿದ್ದಾರೆ ಸರ್. ಸುಮ್ನಿರಿ," ಎಂದಳು ಸೊಸೆ.

ಡಾಕ್ಟರಿಗೆ ಸುಮ್ಮನಿರಿ ಅಂದವಳನ್ನು ನಾನು ಅದೇ ಮೊದಲು ನೋಡಿದ್ದು. ಅವರು ಸುಮ್ಮನಿದ್ದರು ಕೂಡ. ಮಡಿಕೆ ನಿಧಾನಕ್ಕೆ ನೀರು ಕುಡಿದು ಬಿಟ್ಟುಕೊಂಡಿತು. ಬೆರಳಿಗೆ ಇನ್ನೊಂದು ದುಂಡನೆಯದು ಸಿಕ್ಕಿತು, ಎಲ್ಲೂ ಹರಿಯದ್ದು, ಇಡಿಯಾಗಿದ್ದದ್ದು.

ಡಾಕ್ಟರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಚಿಮಟವನ್ನು ತಟ್ಟೆಗೆ ಹಾಕಿದರು. "ನನ್ನ ಕೈಯಲ್ಲಿ ಆಗಬಾರದ್ದು ಆಗಿಹೋಗ್ತಿತ್ತು," ಎಂದರು. ದೊಡ್ಡ ಮನುಷ್ಯ, ಒಪ್ಪಿಕೊಳ್ಳಲು ಹಿಂದೆಮುಂದೆ ನೋಡಲಿಲ್ಲ. ಆಮೇಲೆ ಸೊಸೆಯ ಕಡೆ ತಿರುಗಿ, "ಈಗ ಏನ್ಮಾಡೋಣ ಹೇಳು," ಎಂದರು.

"ಕಣ್ಣಿನ ಹೊಸ ಪೊರೆ ಒಣಗಿ ತಗ್ಗಾಗಿದೆ, ಅಷ್ಟೇ ಸರ್. ಒದ್ದೆ ಚೀಲದಲ್ಲಿ ತೇವವಾಗಿಡ್ತೀನಿ. ಒಂದು ವಾರ ಕೊಡಿ."

ನನ್ನ ಎದೆ ಉಬ್ಬಿದ್ದು ಆಗ. ನನ್ನ ಹೊಟ್ಟೆಯಲ್ಲಿ ಹುಟ್ಟಿದವನ ಬಗ್ಗೆಯೂ ಅಷ್ಟು ಹೆಮ್ಮೆ ಪಟ್ಟಿಲ್ಲ ನಾನು. ಅವನಿಗೆ ಇದನ್ನು ಹೇಳಿದ್ದೇನೆ.

ಎಂಟನೇ ದಿನ ಸೊಸೆ ನನ್ನನ್ನೂ ಕರೆದುಕೊಂಡು ಹೋದಳು. ಎಡಗಣ್ಣು ಬಲಗಣ್ಣಿನಷ್ಟೇ ದುಂಡಗೆ, ನೀರಿನಷ್ಟು ತಿಳಿಯಾಗಿದೆ ಅಂದಳು. ದೀಪ ಅತ್ತಿತ್ತ ಆಡಿಸಿದರೆ ಹೆಬ್ಬಾವಿನ ತಲೆ ಅದರ ಜೊತೆಗೇ ತಿರುಗಿದ್ದು ನನಗೂ ಕಂಡಿತು. ಚಿಮಟದ ಮುಂದೆ ಜಗ್ಗದೆ ನಿಂತಿದ್ದವಳು ಅವತ್ತು ನೆಲದ ಮೇಲೆ ಕೂತು ಬಿಕ್ಕಿಬಿಕ್ಕಿ ಅತ್ತಳು. ನಾನು ಅವಳ ತಲೆ ಸವರಿದೆ.

ಡಾಕ್ಟರು ಹಾವಿನ ಮನೆಯ ಬಾಗಿಲಿಗೆ ಹೊಸ ಹಲಗೆ ಹಾಕಿಸಿದ್ದರು. ಕೆಳಗೆ ಅವರದೇ ಸಹಿ. ಸೊಸೆ ಹಿಂಭಾಗದ ಕೋಣೆಗೆ ಬೀಗ ಹಾಕಿ ಬರುವಷ್ಟರಲ್ಲಿ ನಾನು ಅದರ ಮುಂದೆ ನಿಂತು, ಹೋಗಿಬರುವವರನ್ನು ತಡೆದು ಕೇಳುತ್ತಿದ್ದೆ: "ನನಗೆ ಕಣ್ಣು ಮಂಜು ಕಣಪ್ಪ. ಸ್ವಲ್ಪ ಓದಿ ಹೇಳ್ತೀಯಾ? ಗಟ್ಟಿಯಾಗಿ."

"'ಇಲ್ಲಿ ಯಾವ ಹಾವಿಗೂ ಚಿಕಿತ್ಸೆ ಮಾಡುವ ಮೊದಲು ಅದನ್ನು ನೋಡಿಕೊಳ್ಳುವವರ ಮಾತು ಕೇಳತಕ್ಕದ್ದು. ವೈದ್ಯರಿಗೂ ಇದು ಅನ್ವಯಿಸುತ್ತದೆ.'"

"ನೋಡಿಕೊಳ್ಳೋದು ಯಾರು ಗೊತ್ತಾ?" ಎಂದು ಕೇಳಿ, ಅವರು ಉತ್ತರ ಹೇಳುವ ಮೊದಲೇ ನಾನೇ ಹೇಳುತ್ತಿದ್ದೆ.

"ಅತ್ತೆ, ಸಾಕು ಬನ್ನಿ, ಬಸ್ಸು ಹೋಗುತ್ತೆ," ಎಂದು ಸೊಸೆ ನಾಚಿಕೊಂಡು ನನ್ನ ಸೆರಗು ಜಗ್ಗಿದಳು.

"ಮುಂದಿನ ತಿಂಗಳು ನಂದೂ ಆಪರೇಷನ್. ಆಮೇಲೆ ಈ ನೆಪ ಇರಲ್ಲ," ಎಂದೆ. ಅಷ್ಟರಲ್ಲಿ ಆ ಕಡೆಯಿಂದ ಒಂದು ದೊಡ್ಡ ಸಂಸಾರವೇ ಬರುತ್ತಿತ್ತು, ಏಳೆಂಟು ಜನ. ಬಸ್ಸು ಹೋದರೆ ಇನ್ನೊಂದು ಬರುತ್ತದೆ ಅಂದುಕೊಂಡು ನಾನು ಅವರಿಗೆ ಅಡ್ಡ ನಿಂತೆ.